ಅಣ್ಣನಿಗೆ ನಗುವವರನ್ನು ಹುಡುಕಿಕೊಂಡು

ಫಿನ್ಲೆಂಡಿನಲ್ಲಿ ಏನು ನೋಡಿದಿರಿ ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು, ನಮ್ಮ ಅತ್ತಿಗೆ ಒಂದೇ ಒಂದು ದೀಪ ಹಚ್ಚಿ ಇಡೀ ಹೋಟೆಲನ್ನು ಬೀದಿಗೆ ತಂದ ಕತೆ. ಅತ್ತಿಗೆ ಪಕ್ಕದಲ್ಲೇ ಇದ್ದರೆ, "ಬಸ್ಸಲ್ಲಿ ಸೀಟಿ ಊದೋದು ನಿಂತ್ಮೇಲೆ ಇವನ ಬಾಯಿಗೆ ಕೆಲಸ ಇಲ್ಲ, ನನ್ನನ್ನ ಹಿಡ್ಕೊಂಡವ್ನೆ" ಎಂದು ಬೈಯುತ್ತಾರೆ. ಬೈಯಲಿ. ಆ ದೀಪ ಹಚ್ಚದೆ ಹೋಗಿದ್ದರೆ ಈ ಪ್ರವಾಸಕ್ಕೆ ಕತೆಯೇ ಇರುತ್ತಿರಲಿಲ್ಲ.

ಹೊರಡುವ ಮುಂಚೆ, ನಾಲ್ಕು ಊರು

ಶ್ರೀನಿವಾಸಪುರದ ಹತ್ತಿರ ನಮ್ಮದೊಂದು ಮಾವಿನ ತೋಟ. ಅದನ್ನು ನೋಡಿಕೊಂಡವನು ನಮ್ಮಣ್ಣ ಮುನಿಕೃಷ್ಣಪ್ಪ. ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಅಣ್ಣನ ಹೆಂಡತಿ ಜಯಮ್ಮ ಗಡಿಯಾಚೆ ಪುಂಗನೂರು ಕಡೆಯವರು. ನಾನು ಚಡ್ಡಿ ಹಾಕುವ ವಯಸ್ಸಿನಲ್ಲಿ ನಮ್ಮ ಮನೆಗೆ ಬಂದು, ನನಗೆ ಮುದ್ದೆ ನುಂಗಲು ಕಲಿಸಿದವರು. ಹಾಗಾಗಿ ಇವತ್ತಿಗೂ ನಾನು ಅವರಿಗೆ "ಲೇ ಸೀನ". ಕೋಪ ಬಂದರೆ ತೆಲುಗು.

ಅಣ್ಣ ಊರಿನ ನಾಟಕಗಳಲ್ಲಿ ಹಾಸ್ಯದ ಪಾತ್ರಕ್ಕೇ ಹುಟ್ಟಿದವನು. ಅವನು ರಂಗಕ್ಕೆ ಬಂದು ಸುಮ್ಮನೆ ಮೂಗು ಕೆರೆದುಕೊಂಡರೂ ಜನ ನಗುತ್ತಿದ್ದರು. ಅದನ್ನು ಯಾರೋ ಹೇಳಿ, ಮಾಲೂರಿನ ಸುಮಾ ಎಂಬ ಹುಡುಗಿ ಹುಡುಕಿಕೊಂಡು ಬಂದಳು. ಸಿನಿಮಾ ಮಾಡುವುದನ್ನು ಓದಿಕೊಂಡು ಬಂದವಳು, ನಾಲ್ಕು ಊರಿನ ನಾಲ್ಕು ಕತೆ ಸೇರಿಸಿ ಒಂದೇ ಸಿನಿಮಾ ಮಾಡುತ್ತಿದ್ದಳು. ಎಲ್ಲವೂ ವಿಚಿತ್ರ ಕತೆಗಳು, ಎಲ್ಲದರಲ್ಲೂ ಸಾವಿನ ವಾಸನೆ, ಆದರೂ ನಗು ಬರಬೇಕು. ಕೋಲಾರದ ಕತೆಯಲ್ಲಿ ಒಬ್ಬನು ಸರ್ಕಲ್ಲಿನಲ್ಲಿ ತನ್ನದೇ ಶ್ರದ್ಧಾಂಜಲಿಯ ಫ್ಲೆಕ್ಸ್ ನೋಡುತ್ತಾನೆ. ನಾನು ಬದುಕಿದ್ದೀನಿ ಅಂದರೂ ಯಾರೂ ನಂಬುವುದಿಲ್ಲ, ಫೋಟೋ ಅಷ್ಟು ಚೆನ್ನಾಗಿ ಬಂದಿರುತ್ತದೆ. ಮಾಲೂರಿನ ಕತೆಯಲ್ಲಿ ಫ್ಯಾಕ್ಟರಿ ಬಸ್ಸಿನಲ್ಲಿ ನಿದ್ದೆ ಹೋದವನು ಬೇರೆ ಯಾರದೋ ಊರಿನಲ್ಲಿ ಇಳಿದು ಬೇರೆ ಯಾರದೋ ಮನೆಗೆ ಹೋಗುತ್ತಾನೆ. ಆ ಮನೆಯ ಗಂಡ ತೀರಿಕೊಂಡಿರುತ್ತಾನೆ, ಆದರೂ ಊಟ ಬಡಿಸುತ್ತಾರೆ. ಮುಳಬಾಗಿಲಿನದು ತೆಲುಗು ಮಾತ್ರ ಬರುವ ದೆವ್ವದ ಕತೆ. ಅದು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಕ್ಕೆ ಪಕ್ಕದ ಮನೆಯ ಅಜ್ಜಿಯನ್ನು ಕರೆಸುತ್ತಾರೆ.

ಕೊನೆಯದು ನಮ್ಮೂರಿನದು. ಸುಗ್ಗಿಯ ದಿನ ಮಾವಿನ ತೋಟದ ಯಜಮಾನ ಸತ್ತುಹೋಗುತ್ತಾನೆ. ಲಾರಿ ಬಂದು ನಿಂತಿದೆ, ಹಣ್ಣು ಕೊಳೆಯುತ್ತದೆ. ಮನೆಯವರು ಒಂದು ಬುಟ್ಟಿ ಹೊರುತ್ತಾರೆ, ಬಂದು ಸ್ವಲ್ಪ ಅಳುತ್ತಾರೆ, ಮತ್ತೆ ಓಡಿ ಇನ್ನೊಂದು ಬುಟ್ಟಿ. ಇದನ್ನು ನೋಡಲಾರದೆ ಹೆಣವೇ ಎದ್ದು ಕೂತು, "ಲೋಡು ಹೋಯ್ತಾ?" ಎಂದು ಕೇಳುತ್ತದೆ. ಹೋಯ್ತು ಅಂದಮೇಲೆ, "ಸರಿ, ಇನ್ನು ಅಳ್ರಿ" ಎಂದು ಮತ್ತೆ ಮಲಗುತ್ತದೆ.

ಆ ಹೆಣ ನಮ್ಮಣ್ಣ.

ಶೂಟಿಂಗ್ ದಿನ ಅತ್ತಿಗೆ ಹಿತ್ತಲಲ್ಲಿ ಎಲ್ಲರಿಗೂ ಚಿತ್ರಾನ್ನ ಕಲಸುತ್ತಿದ್ದರು. ಬಂದು ನೋಡಿ ಅಂದರೆ, "ಗಂಡ ಸತ್ತಂಗೆ ಮಲಗೋದನ್ನ ನೋಡೋಕೆ ನನಗೇನು ಗ್ರಾಚಾರ" ಎಂದರು. ಆ ವರ್ಷ ದೀಪಾವಳಿಗೆ ಮುಂಚೆ ಅಣ್ಣ ನಿಜವಾಗಿಯೂ ಹೋದ. ಕಾಫಿ ಕುಡಿದು ಲೋಟ ಕೆಳಗಿಟ್ಟವನು ಮತ್ತೆ ಏಳಲಿಲ್ಲ.

ಸಿನಿಮಾ ಸಿದ್ಧವಾದಮೇಲೆ ಸುಮಾ ನಾಲ್ಕೂ ಊರಿನಲ್ಲಿ ಒಂದೊಂದು ಆಟ ತೋರಿಸಿದಳು. ನಾಲ್ಕಕ್ಕೂ ನಾವು ಹೋದೆವು. ಕೋಲಾರದಲ್ಲಿ ಫ್ಲೆಕ್ಸ್ ಕತೆಗೆ ಬಿದ್ದು ಬಿದ್ದು ನಕ್ಕರು. ಮಾಲೂರಿನ ಕಲ್ಯಾಣ ಮಂಟಪದಲ್ಲಿ ಶಿಫ್ಟ್ ಮುಗಿಸಿ ಬಂದ ಹುಡುಗರು ಬಸ್ಸಿನ ಕತೆ ನೋಡಿ, "ಲೇ, ಇದು ನೀನೇ ಕಣೋ" ಎಂದು ಒಬ್ಬರಿಗೊಬ್ಬರು ತಿವಿದರು. ಮುಳಬಾಗಿಲಿನಲ್ಲಂತೂ ಪರದೆಯ ಮೇಲಿನ ದೆವ್ವ ಪ್ರಶ್ನೆ ಕೇಳಿದರೆ ಹಿಂದಿನ ಬೆಂಚಿನಿಂದ ತೆಲುಗಿನಲ್ಲಿ ಉತ್ತರ ಹೋಗುತ್ತಿತ್ತು. ಆದರೆ ನಾಲ್ಕನೆಯ ಕತೆ ಶುರುವಾದ ಕೂಡಲೇ ಯಾರಾದರೊಬ್ಬರು ಹಿಂದೆ ತಿರುಗುತ್ತಿದ್ದರು. "ಅಕೋ, ಅವರ ಮನೆಯವರು ಅಲ್ಲೇ ಕೂತವ್ರೆ." ಆ ಮಾತು ಸಾಲಿನಿಂದ ಸಾಲಿಗೆ ಹೋಗಿ ಇಡೀ ಹಾಲ್ ತಣ್ಣಗಾಗುತ್ತಿತ್ತು. ವಿಧವೆಯ ಮುಂದೆ ಅವಳ ಗಂಡನ ಹೆಣ ನೋಡಿ ನಗುವಷ್ಟು ಮರ್ಯಾದೆಗೆಟ್ಟವರು ನಮ್ಮ ಕಡೆ ಯಾರಿದ್ದಾರೆ? ಶ್ರೀನಿವಾಸಪುರದಲ್ಲಿ ಅತ್ತುಬಿಟ್ಟರು. ಒಬ್ಬಾಕೆ ಅತ್ತಿಗೆಗೆ ನೀರು ತಂದುಕೊಟ್ಟರೆ, ಇನ್ನೊಬ್ಬರು ಫ್ಯಾನನ್ನು ಅವರ ಕಡೆ ತಿರುಗಿಸಿದರು.

ಅತ್ತಿಗೆ ಪ್ರತಿ ಸಲವೂ ಕೊನೆಯ ಸಾಲಿನಲ್ಲೇ ಕೂರುತ್ತಿದ್ದರು. ಮುಂದಿರುವ ತಲೆಗಳು ಅಲ್ಲಾಡುತ್ತವೆಯೇ ಎಂದು ನೋಡುವುದಕ್ಕೆ.

"ಯಾರೂ ನಗ್ಲಿಲ್ಲ ಕಣೋ ಸೀನ."

"ನೀವಿದ್ರಲ್ಲ ಅತ್ತಿಗೆ, ಅದಕ್ಕೇ ನಗ್ಲಿಲ್ಲ."

"ಊರು ತುಂಬ ನಗಿಸಿದ ಮನುಷ್ಯ. ನಾನಿದ್ರೆ ನಗಬಾರ್ದಾ? ನಾನಿದ್ದಾಗ ನಕ್ಕಿಲ್ವಾ ಇಷ್ಟು ವರ್ಷ? ಸರಿಯಾಗಿ ಮಾಡಿಲ್ಲ ನಿಮ್ಮಣ್ಣ, ಅಷ್ಟೇ. ನೀನು ತಮ್ಮ, ನೀನು ಹೇಳಲ್ಲ."

ಸುಮಾ ಸಮಾಧಾನಕ್ಕೆ ಬಂದಾಗ ಅತ್ತಿಗೆ ಕಡ್ಡಿ ಮುರಿದ ಹಾಗೆ ಹೇಳಿದರು. "ನೋಡು ಮಗಾ, ಜನ ನಗ್ಲಿ ಅಂತ ಅವರು ಹೆಣ ಆದ್ರು. ಯಾರೂ ನಗಲ್ಲ ಅಂದ್ರೆ ಆ ತುಂಡು ತೆಗೆದುಬಿಡು. ಪಾಪ ಅನ್ನಿಸ್ಕೊಳ್ಳೋಕೆ ಅವರನ್ನ ಪರದೆ ಮೇಲೆ ಮಲಗಿಸೋದು ಬೇಡ."

ಸುಮಾಳ ಮುಖ ಸಣ್ಣದಾಯಿತು. ಥಿಯೇಟರುಗಳಿಗೆ ಸಿನಿಮಾ ಬಿಡುವುದಕ್ಕೆ ಕೆಲವೇ ತಿಂಗಳಿತ್ತು. ಆದರೂ ಹುಡುಗಿ ಮಾತು ಕೊಟ್ಟಳು. "ತೆಗೀತೀನಿ ಆಂಟಿ. ಆದ್ರೆ ಇನ್ನೊಂದೇ ಆಟ ನೋಡಿ. ಫಿನ್ಲೆಂಡಲ್ಲಿ ಒಂದು ಚಿಕ್ಕ ಊರು, ಬೇಸಿಗೇಲಿ ಸಿನಿಮಾ ಹಬ್ಬ ಮಾಡ್ತಾರೆ. ನಮ್ಮದನ್ನ ಕರೆದಿದ್ದಾರೆ. ಅಲ್ಲಿ ನೀವ್ಯಾರು ಅಂತ ಒಂದು ನರಪಿಳ್ಳೆಗೂ ಗೊತ್ತಿಲ್ಲ."

ಅತ್ತಿಗೆ ಯೋಚಿಸಿದರು. "ಸೀನನೂ ಬಂದ್ರೆ ಬರ್ತೀನಿ" ಎಂದರು.

ನೀಲಗಿರಿಯಲ್ಲದ ನೀಲಗಿರಿ ತೋಪು

ವಿಮಾನದ ವಿಷಯ ಎಲ್ಲರೂ ಬರೆಯುತ್ತಾರೆ, ನಾನು ಬಿಡುತ್ತೇನೆ. ಇಳಿದಮೇಲೆ ಉತ್ತರಕ್ಕೆ ಬಹಳ ದೂರ ಬಸ್ಸು. ರಸ್ತೆಯ ಎರಡೂ ಕಡೆ ಬಿಳಿಯ ತೊಗಟೆಯ ನೆಟ್ಟನೆಯ ಮರಗಳು, ಮುಗಿಯುವುದೇ ಇಲ್ಲ.

"ಇಲ್ಲೂ ನೀಲಗಿರಿ ಹಾಕವ್ರಲ್ಲೋ! ನೆಲದ ನೀರೆಲ್ಲ ಹೀರುತ್ತೆ ಅಂತ ಇವರಿಗೆ ಯಾರೂ ಹೇಳ್ಲಿಲ್ವಾ?"

ಅದು ಬೇರೆ ಮರ, ಬರ್ಚ್ ಅಂತ ಎಂದು ಸುಮಾ ಹೇಳಿದಳು. ಅತ್ತಿಗೆ ನಂಬಲಿಲ್ಲ. ಆಮೇಲೆ ಕೆರೆಗಳು ಶುರುವಾದವು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು, ಎಲ್ಲವೂ ಅಂಚಿನ ತನಕ ತುಂಬಿಕೊಂಡು ಹೊಳೆಯುತ್ತಿವೆ. ಕೋಲಾರದ ಕಡೆಯವರಿಗೆ ಕೆರೆ ಕಂಡರೆ ಮೊದಲು ನೋಡುವುದು ನೀರಿದೆಯೇ ಎಂದು. ಅತ್ತಿಗೆ ಮೊದಮೊದಲು ಪ್ರತಿ ಕೆರೆಗೂ ನನ್ನನ್ನು ತಿವಿದು ತೋರಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ತಿವಿಯುವುದನ್ನು ನಿಲ್ಲಿಸಿ ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡರು. "ನಿಮ್ಮಣ್ಣ ನೋಡಿದ್ರೆ ಇಳಿದು ಈಜೋಕೆ ಹೋಗಿರೋರು" ಎಂದರು.

ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ. ಡ್ರೈವರೇ ಟಿಕೆಟ್ ಕೊಡುತ್ತಾನೆ. ಹತ್ತಿದವರು ಒಬ್ಬರೂ ಮಾತಾಡುವುದಿಲ್ಲ, ಖಾಲಿ ಸೀಟುಗಳಿರುವಾಗ ಇನ್ನೊಬ್ಬರ ಪಕ್ಕ ಕೂರುವುದಿಲ್ಲ. ಸ್ಟಾಪಿನಲ್ಲಿ ನಿಂತಿದ್ದರೂ ಅಷ್ಟೇ, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ. ಬದುಕೆಲ್ಲ "ಒಳಗೆ ಹೋಗ್ರೀ, ಇನ್ನೂ ಒಳಗೆ" ಎಂದು ಕೂಗಿದವನಿಗೆ ಅಲ್ಲಿ ಮಾಡಲು ಕೆಲಸವೇ ಇರಲಿಲ್ಲ. ದಾರಿಯಲ್ಲಿ ಕೊಂಬಿನ ಹಿಮಸಾರಂಗಗಳು ರಸ್ತೆಗೆ ಅಡ್ಡ ನಿಂತವು. ಡ್ರೈವರ್ ಹಾರನ್ ಹೊಡೆಯದೆ ಎಂಜಿನ್ ನಿಲ್ಲಿಸಿ ಕಾದ. ವಕ್ಕಲೇರಿ ರಸ್ತೆಯ ಎಮ್ಮೆಗಳಿಗೆ ಈ ಮರ್ಯಾದೆ ಕೊಟ್ಟಿದ್ದರೆ ನನ್ನ ಟ್ರಿಪ್ಪು ಒಂದೂ ಸಮಯಕ್ಕೆ ಮುಗಿಯುತ್ತಿರಲಿಲ್ಲ.

ಸಂಜೆಯಿಲ್ಲದ ಊರಿನಲ್ಲಿ ದೀಪ

ಆ ಊರಿನಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ. ಓದಿ ತಿಳಿದಿದ್ದೆ, ಅತ್ತಿಗೆಗೆ ಹೇಳಿರಲಿಲ್ಲ. ನಾವು ಉಳಿದದ್ದು ಮರದ ಚಿಕ್ಕ ಹೋಟೆಲು. ನಡೆಸುವವರು ಐನೋ ಎಂಬ ಗಟ್ಟಿಮುಟ್ಟಾದ ಹೆಂಗಸು. ನಗುವುದಿಲ್ಲ, ಆದರೆ ಕೇಳದೆಯೇ ಕಾಫಿ ಸುರಿಯುತ್ತಾರೆ. ಊಟಕ್ಕೆ ಕೊಟ್ಟ ಬ್ರೆಡ್ಡು ರಾಗಿಯ ಬಣ್ಣದ್ದು, ಹುಳಿಹುಳಿ. ಅತ್ತಿಗೆ ಅದಕ್ಕೆ ಊರಿನಿಂದ ತಂದ ಮಾವಿನ ಉಪ್ಪಿನಕಾಯಿ ಹಚ್ಚಿಕೊಂಡು, "ಮುದ್ದೆ ಹಳಸಿದಂಗಿದೆ, ಚೆನ್ನಾಗಿದೆ" ಎಂದರು. ಐನೋ ಕೂಡ ಒಂದು ಚೂರು ಉಪ್ಪಿನಕಾಯಿ ತಿಂದರು. ಕಣ್ಣಲ್ಲಿ ನೀರು ಬಂತು, ಮುಖ ಮಾತ್ರ ಅಲ್ಲಾಡಲಿಲ್ಲ.

ತೊಂದರೆ ಆಮೇಲೆ ಶುರುವಾಯಿತು. ಅಣ್ಣ ಹೋದಮೇಲೆ ಅತ್ತಿಗೆ ಪ್ರತಿದಿನ ಮುಸ್ಸಂಜೆ ಅವನ ಫೋಟೋದ ಮುಂದೆ ದೀಪ ಹಚ್ಚುತ್ತಾರೆ. ಫೋಟೋವನ್ನೂ ಹಣತೆಯನ್ನೂ ಬತ್ತಿಯನ್ನೂ ಸೀರೆಯ ಮಡಿಕೆಯಲ್ಲಿ ಸುತ್ತಿ ತಂದಿದ್ದರು. ಈಗ ಕಿಟಕಿಯಲ್ಲಿ ನಿಂತು ಸಂಜೆಗೆ ಕಾಯುತ್ತಿದ್ದಾರೆ, ಸಂಜೆ ಬರುತ್ತಿಲ್ಲ.

"ಏಮಿರಾ ಇದಿ? ಇವನೇನು ಮುಳುಗ್ತಾನೋ ಇಲ್ವೋ?"

"ಇಲ್ಲ ಅತ್ತಿಗೆ. ಇಲ್ಲಿ ಈಗ ಮುಳುಗಲ್ಲ."

ನನ್ನನ್ನು ಒಂದು ನೋಟ ನೋಡಿದರು, ಸೂರ್ಯನನ್ನು ನಾನೇ ಹಿಡಿದಿಟ್ಟ ಹಾಗೆ. ಆ ದಿನ ದೀಪವಿಲ್ಲದೆ ಮಲಗಿದರು. ಮಾರನೆಯ ದಿನ ಊರಿಗೆ ಫೋನು ಮಾಡಿ ಪಕ್ಕದ ಮನೆಯ ಗೌರಿಯನ್ನು, "ಅಲ್ಲಿ ದೀಪ ಹಚ್ಚಿದ್ರಾ?" ಎಂದು ಕೇಳಿದರು. ಈಗ ತಾನೇ ಹಚ್ಚಿದೆ ಕಣಕ್ಕಾ ಎಂದಳು ಅವಳು. ಅಷ್ಟೇ ಬೇಕಿತ್ತು. ನಮಗಿನ್ನೂ ಮಧ್ಯಾಹ್ನದ ಊಟ ಅರಗಿರಲಿಲ್ಲ. ಹೊರಗೆ ಕಣ್ಣು ಕುಕ್ಕುವ ಬಿಸಿಲಿರುವಾಗ ಅತ್ತಿಗೆ ಬಾಗಿಲು ಹಾಕಿಕೊಂಡು ಶ್ರೀನಿವಾಸಪುರದ ಸಂಜೆಗೆ ದೀಪ ಹಚ್ಚಿದರು, ಜೊತೆಗೆ ಒಂದು ಹಿಡಿ ಊದುಬತ್ತಿ.

ಮರದ ಮನೆಗಳ ಊರು ಅದು. ಚಾವಣಿಯಲ್ಲಿದ್ದ ಯಂತ್ರ ಹೊಗೆಯ ವಾಸನೆ ಹಿಡಿದು ಬಡಿದುಕೊಳ್ಳತೊಡಗಿತು. ಕೋಣೆಕೋಣೆಯಿಂದ ಜನ ಹೊರಗೆ ಬಂದರು. ಒಬ್ಬನು ಬರೀ ಟವಲಿನಲ್ಲಿದ್ದ, ಇನ್ನೊಬ್ಬಾಕೆಯ ಬಾಯಲ್ಲಿ ಬ್ರಷ್ಷಿತ್ತು. ಎಲ್ಲರೂ ರಸ್ತೆಯಲ್ಲಿ ನಿಂತರು, ಒಬ್ಬರಿಗೊಬ್ಬರು ಗಾಡಿ ಜಾಗ ಬಿಟ್ಟುಕೊಂಡು. ಯಾರೂ ಬೈಯಲಿಲ್ಲ. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಎರಡು ಪಂಗಡವಾಗಿರುತ್ತಿತ್ತು.

ಐನೋ ಕೋಣೆಗೆ ನುಗ್ಗಿದರು. ಅಲ್ಲಿ ಅತ್ತಿಗೆ ಹಣತೆಯನ್ನು ಸೆರಗಿನಿಂದ ಮರೆಮಾಡಿಕೊಂಡು ನಿಂತಿದ್ದರು, ಆರಿಸುವುದಕ್ಕೆ ಕೈ ಬಾರದೆ. ಐನೋ ಹಣತೆ ನೋಡಿದರು, ಫೋಟೋ ನೋಡಿದರು. "ಯುವರ್ ಮ್ಯಾನ್?" ಎಂದರು. ನಾನು ಹೌದೆಂದು ತಲೆಯಾಡಿಸಿ, ನನಗೆ ಬರುವ ಇಂಗ್ಲಿಷಿನಲ್ಲಿ, ಇದೇ ಮನುಷ್ಯ ನಾಳೆ ನಿಮ್ಮ ಟೆಂಟಿನ ಸಿನಿಮಾದಲ್ಲೂ ಬರುತ್ತಾನೆ ಎಂದು ಸೇರಿಸಿದೆ. ಐನೋ ಹೋಗಿ ಗಾಜಿನ ಲಾಂದ್ರ ತಂದರು. ಉರಿಯುವ ಹಣತೆಯನ್ನು ಹುಷಾರಾಗಿ ಅದರೊಳಗಿಟ್ಟು, ಹೊರಗಿನ ಜಗಲಿಯ ಮೇಲೆ, ಫೋಟೋದ ಪಕ್ಕ ಇಟ್ಟರು. ತಮ್ಮ ಮನೆಯವರ ಗೋರಿಯ ಮೇಲೂ ಚಳಿಗಾಲದಲ್ಲಿ ಇದನ್ನೇ ಹಚ್ಚಿಡುತ್ತಾರಂತೆ.

ಅತ್ತಿಗೆ ಲಾಂದ್ರದ ಮುಂದೆ ಮೆಟ್ಟಿಲ ಮೇಲೆ ಕೂತರು, ಐನೋ ಪಕ್ಕದಲ್ಲಿ ಕೂತರು. ನಡುವೆ ಗಾಡಿ ಹೋಗುವ ಜಾಗ ಇರಲಿಲ್ಲ.

ಟೆಂಟು

ಸಿನಿಮಾ ತೋರಿಸುವುದು ದೊಡ್ಡದೊಂದು ಡೇರೆಯಲ್ಲಿ. ಅದನ್ನು ಕಂಡದ್ದೇ ಅತ್ತಿಗೆ ನಿಂತುಬಿಟ್ಟರು. "ನಮ್ಮ ಟೆಂಟು ಕಣೋ!"

ನಿಜವೇ. ನಮ್ಮೂರಿನಾಚೆಯ ಬಯಲಿನಲ್ಲಿ ಹೀಗೇ ಒಂದು ಟೆಂಟು ಎದ್ದಿರುತ್ತಿತ್ತು. ಕತ್ತಲಾಗುತ್ತಿದ್ದ ಹಾಗೆ ಮೈಕಿನಲ್ಲಿ ದೇವರ ಹಾಡು ಹಾಕುತ್ತಿದ್ದರು. ಆ ಹಾಡು ಕೇಳಿದರೆ ಅಡುಗೆ ಅರ್ಧಕ್ಕೇ ನಿಲ್ಲುತ್ತಿತ್ತು. ಕೆಳಗೆ ಮರಳು, ಮರಳನ್ನು ಗುಡ್ಡೆ ಮಾಡಿ ಕೂತರೆ ನಮ್ಮದೇ ಬಾಲ್ಕನಿ. ಗಂಡಸರ ಕಡೆಗೂ ಹೆಂಗಸರ ಕಡೆಗೂ ನಡುವೆ ಗಿಡ್ಡ ಗೋಡೆ. ಅಣ್ಣ ಬಿಸಿ ಕಡಲೆಕಾಯಿಯ ಪೊಟ್ಟಣವನ್ನು ಆ ಗೋಡೆಯ ಮೇಲಿಂದ ಎಸೆದರೆ ಸರಿಯಾಗಿ ಅತ್ತಿಗೆಯ ಮಡಿಲಿಗೇ ಬೀಳುತ್ತಿತ್ತು. ಪರದೆಯ ಮೇಲೆ ಖಳನಾಯಕ, "ಈಗ ನಿನ್ನನ್ನು ಯಾರು ಕಾಪಾಡುತ್ತಾರೆ?" ಎಂದು ಕೂಗಿದರೆ ಅಣ್ಣ ಕತ್ತಲಲ್ಲೇ, "ಇರಪ್ಪ, ಚಪ್ಪಲಿ ಹಾಕ್ಕೊಂಡ್ ಬತ್ತೀನಿ" ಎನ್ನುತ್ತಿದ್ದ. ಟೆಂಟು ನಕ್ಕು ನಕ್ಕು ಮುಂದಿನ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಗೋಡೆಯ ಆ ಕಡೆಯಿಂದ ಎಲ್ಲರಿಗಿಂತ ಎತ್ತರದ ನಗು ಅತ್ತಿಗೆಯದೇ. ರೀಲು ತುಂಡಾದರೆ ಜನ ಆಪರೇಟರನ್ನು ಕೂಗುವ ಬದಲು ಅಣ್ಣನನ್ನು ಕೂಗುತ್ತಿದ್ದರು.

ಇಲ್ಲಿಯ ಡೇರೆಯಲ್ಲಿ ಬೆಳಕು ಬರದಿರಲೆಂದು ಒಳಗೆ ಕಪ್ಪು ಬಟ್ಟೆ ಹೊದಿಸಿದ್ದರು. ನಮ್ಮದು ಮ್ಯಾಟಿನಿ. ಅತ್ತಿಗೆ ಎಂದಿನ ಹಾಗೆ ಹಿಂದಿನ ಸಾಲಿಗೆ ಹೊರಟರೆ ಬಾಗಿಲಲ್ಲಿದ್ದ ಹುಡುಗಿ ಬಗ್ಗಿ ನಮಸ್ಕರಿಸಿ ಮುಂದಕ್ಕೆ ಕೈ ತೋರಿಸಿದಳು. ದಾರಿಯುದ್ದಕ್ಕೂ ಜನ ಎದ್ದು ನಿಂತು ಜಾಗ ಬಿಟ್ಟರು. ಟವಲಿನವನನ್ನೂ ಬ್ರಷ್ಷಿನಾಕೆಯನ್ನೂ ಗುರುತು ಹಿಡಿದೆ. ಮೊಟ್ಟಮೊದಲ ಸಾಲಿನಲ್ಲಿ, ನಡುವೆ, ಒಂದು ಕುರ್ಚಿಯ ಮೇಲೆ ಉಣ್ಣೆಯ ಕಂಬಳಿ ಮಡಿಸಿಟ್ಟು ಐನೋ ಕಾಯುತ್ತಿದ್ದರು. ಪಕ್ಕದಲ್ಲಿ ಒಂದು ಲೋಟ ನೀರು.

ನೀರು ಕಂಡಕೂಡಲೇ ಅತ್ತಿಗೆಗೆ ಅರ್ಥವಾಯಿತು. ಚಿಕ್ಕ ಊರು ಎಲ್ಲಿದ್ದರೂ ಚಿಕ್ಕ ಊರೇ. ಹೋಟೆಲಿನ ಜಗಲಿಯ ಮೇಲಿನ ಫೋಟೋ ಯಾರದು ಎನ್ನುವುದು ಒಂದು ದಿನದಲ್ಲಿ ಎಲ್ಲರಿಗೂ ಮುಟ್ಟಿತ್ತು.

"ಇಲ್ಲೂ ಗೊತ್ತಾಗೋಯ್ತು ಕಣೋ ಸೀನ" ಎಂದರು, ಮೆಲ್ಲಗೆ. "ಮುಗೀತು ಬಿಡು. ಇವರೂ ನಗಲ್ಲ."

ನನ್ನ ಆಚೆ ಕೂತಿದ್ದ ಸುಮಾ ಉಗುರು ಕಚ್ಚತೊಡಗಿದಳು.

ನಾಲ್ಕನೆಯ ಕತೆ

ಪರದೆಯ ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿಕೊಂಡು ಮೊದಲ ಮೂರು ಕತೆಗೆ ಅವರು ನಕ್ಕದ್ದುಂಟು, ಮೂಗಿನಲ್ಲಿ. ಫ್ಲೆಕ್ಸಿಗೆ ಒಂದು ಹುಂ, ಬಸ್ಸಿಗೆ ಒಂದು ಹುಂಹುಂ. ದೆವ್ವದ ಭಾಷೆ ತಿಳಿಯದೆ ಮನೆಯವರು ಪರದಾಡಿದಾಗ ಮಾತ್ರ ಸ್ವಲ್ಪ ಜೋರಾಯಿತು. ಗಡಿಯ ಜನ ಅಲ್ಲೂ ಇದ್ದಾರಲ್ಲ, ಎರಡು ಭಾಷೆಯ ಮನೆಗಳು ಅವರಿಗೂ ಗೊತ್ತು.

ಆಮೇಲೆ ಪರದೆಯ ಮೇಲೆ ನಮ್ಮ ತೋಟ ಬಂತು. ಡೇರೆ ಸ್ತಬ್ಧವಾಯಿತು. ಶ್ರೀನಿವಾಸಪುರದ ಅದೇ ಮೌನ, ಅದೇ ಮರ್ಯಾದೆ, ಮುಖಗಳು ಮಾತ್ರ ಬೇರೆ. ಕಣ್ಣೀರು ಒರೆಸಿಕೊಂಡು ಬುಟ್ಟಿ ಹೊತ್ತು ಓಡುವ ಸೊಸೆಯನ್ನು ನೋಡಿ ಒಬ್ಬರೂ ನಗಲಿಲ್ಲ.

ಅತ್ತಿಗೆ ಅಭ್ಯಾಸದಂತೆ ತಲೆಗಳನ್ನು ಹುಡುಕಿದರು. ಆದರೆ ಮುಂದೆ ತಲೆಗಳೇ ಇಲ್ಲ. ಮೊದಲ ಸಾಲು. ತಿರುಗಿ ನೋಡಿದರೆ ಬರೀ ಕತ್ತಲು. ನೋಡುವುದಕ್ಕೆ ಪರದೆಯೊಂದೇ ಉಳಿದಿತ್ತು, ಅದರ ಮೇಲೆ ಅಣ್ಣ, ಆನೆಯ ಗಾತ್ರದಲ್ಲಿ, ಚಾಪೆಯ ಮೇಲೆ ಸತ್ತು ಮಲಗಿದ್ದ.

ಇಷ್ಟು ಆಟಗಳಾದರೂ ಅತ್ತಿಗೆ ಅವನನ್ನು ನೋಡಿಯೇ ಇರಲಿಲ್ಲ ಎನ್ನುವುದು ನನಗೆ ಹೊಳೆದದ್ದು ಆವಾಗ.

ಅವರು ಉಸಿರು ಹಿಡಿದು ನೋಡುತ್ತಿದ್ದರು. ಮುಖ, ಮೂಗಿನಲ್ಲಿಟ್ಟ ಹತ್ತಿ, ಎದೆಯ ಮೇಲಿನ ಕೈ. ನೋಟ ಮೆಲ್ಲಗೆ ಕಾಲಿನ ಕಡೆಗೆ ಇಳಿಯಿತು. ಅಲ್ಲಿ ಸತ್ತ ಯಜಮಾನನ ಬಲಗಾಲಿನ ಹೆಬ್ಬೆರಳು ಎಡಗಾಲಿನ ಹಿಮ್ಮಡಿಯನ್ನು, ಯಾರಿಗೂ ಕಾಣದ ಹಾಗೆ, ಸುಖವಾಗಿ ಕೆರೆಯುತ್ತಿತ್ತು.

ಅಣ್ಣ ಮಲಗಿದರೆ ಹಾಗೇ. ನಿದ್ದೆಯಲ್ಲೂ ಆ ಬೆರಳು ಸುಮ್ಮನಿರುತ್ತಿರಲಿಲ್ಲ. ಅದಕ್ಕಾಗಿ ಬದುಕಿನುದ್ದಕ್ಕೂ ಬೈಸಿಕೊಂಡಿದ್ದ.

"ಅಯ್ಯೋ, ಕಾಲು ಸುಮ್ನೆ ಇಟ್ಕೊಳ್ರೀ!" ಅತ್ತಿಗೆಯ ದನಿ ಇಡೀ ಡೇರೆಗೆ ಕೇಳಿಸಿತು. "ಸತ್ತಮೇಲೂ ಕೆರ್ಕೊತೀರಲ್ರೀ!"

ಆಮೇಲೆ ನಗು. ಗಿಡ್ಡ ಗೋಡೆಯ ಆಚೆಯಿಂದ ಬರುತ್ತಿದ್ದ, ಎಲ್ಲರಿಗಿಂತ ಎತ್ತರದ ಆ ಹಳೆಯ ನಗು. ನಾನು ಅದನ್ನು ಮರೆತೇಬಿಟ್ಟಿದ್ದೆ. ಅತ್ತಿಗೆ ಐನೋ ಅವರ ತೋಳು ಹಿಡಿದು ಪರದೆಯ ಕಡೆ, ಕಾಲಿನ ಕಡೆ ಬೆರಳು ತೋರಿಸುತ್ತಿದ್ದಾರೆ. ಐನೋ ನೋಡಿದರು. ಉಪ್ಪಿನಕಾಯಿಗೂ ಅಲ್ಲಾಡದ ಆ ಮುಖ ಮೊದಲು ಒಂದು ಕಡೆ ಬಿರಿಯಿತು, ಆಮೇಲೆ ಹೊಟ್ಟೆ ಕುಲುಕಿತು. ಆ ನಗು ಹಿಂದಿನ ಸಾಲಿಗೆ ತಗುಲಿತು, ಅದರ ಹಿಂದಿನ ಸಾಲಿಗೆ. ಅಣ್ಣ ಎದ್ದು ಕೂತು "ಲೋಡು ಹೋಯ್ತಾ?" ಎಂದು ಕೇಳುವ ಹೊತ್ತಿಗೆ ಅವನ ಮಾತು ಯಾರಿಗೂ ಕೇಳಿಸಲಿಲ್ಲ. ಸುಮಾ ನನ್ನ ಭುಜಕ್ಕೆ ಮುಖ ಒತ್ತಿಕೊಂಡಳು, ಅಂಗಿ ಒದ್ದೆಯಾಯಿತು.

ಮುಗಿದಮೇಲೆ ಹೆಸರುಗಳು ಬರತೊಡಗಿದವು. ನಮ್ಮಲ್ಲಿ ಆ ಹೊತ್ತಿಗೆ ಚಪ್ಪಲಿ ಹುಡುಕುತ್ತಿರುತ್ತೇವೆ. ಇಲ್ಲಿ ಒಬ್ಬರೂ ಏಳಲಿಲ್ಲ. "ಇನ್ನೂ ಇದೆಯಾ?" ಎಂದು ಕೇಳಿದ ಅತ್ತಿಗೆ, ಅಣ್ಣನ ಹೆಸರು ಮೇಲಕ್ಕೆ ಹೋಗುವುದನ್ನು ಕತ್ತು ಎತ್ತಿ ಕೊನೆಯ ತನಕ ನೋಡಿದರು. ಆಮೇಲೆ ಕಂಬಳಿ ಮಡಿಸಿ, "ಸುಮಾ, ಅದನ್ನ ತೆಗೀಬೇಡ ಕಣಮ್ಮ" ಎಂದರು.

ಮತ್ತೆ ಶ್ರೀನಿವಾಸಪುರ

ಸಿನಿಮಾ ನಮ್ಮೂರಿಗೆ ಬಂದ ದಿನ ಅತ್ತಿಗೆ ಬೇಗ ಅಡುಗೆ ಮುಗಿಸಿದರು. ಮುಸ್ಸಂಜೆಗೆ ಹಣತೆ ಹಚ್ಚಿದರು. ಐನೋ ಕೊಟ್ಟ ಲಾಂದ್ರದೊಳಗೆ ಇಟ್ಟರೆ ಗಾಳಿಗೆ ಆರುವುದಿಲ್ಲ. ಥಿಯೇಟರಿನಲ್ಲಿ ನಾನು ಹಿಂದಿನ ಸಾಲಿಗೆ ತಿರುಗುವಷ್ಟರಲ್ಲಿ ಅವರು ಸೆರಗು ಸಿಕ್ಕಿಸಿಕೊಂಡು ಎಲ್ಲರ ಕಣ್ಣೆದುರೇ ನಡೆದುಹೋಗಿ ಮೊದಲ ಸಾಲಿನ ನಡುವೆ ಕೂತಿದ್ದರು.

ಮೂರು ಕತೆಗೆ ಥಿಯೇಟರಿನ ಸೂರು ಹಾರಿಹೋಗುವಂತೆ ನಕ್ಕರು. ನಾಲ್ಕನೆಯದು ಶುರುವಾಯಿತು. ಹಿಂದಿನಿಂದ ಗುಸುಗುಸು ಹರಿದು ಬಂತು, ಆಮೇಲೆ ಆ ಮೌನ. ಪಕ್ಕದ ಮನೆಯ ಗೌರಿ ಬಗ್ಗಿಕೊಂಡು ಬಂದು, ಕಣ್ಣೊರೆಸಿಕೊಳ್ಳುತ್ತಾ ಅತ್ತಿಗೆಯ ಕೈಗೆ ನೀರಿನ ಬಾಟಲಿ ಹಿಡಿಸಲು ಹೋದಳು.

"ತಗೊಳ್ಳಕ್ಕಾ, ಒಂದು ಗುಟುಕು ಕುಡಿ."

ಅತ್ತಿಗೆ ಅವಳ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನೀರು ಆಮೇಲೆ ಕೊಡೇ. ಮೊದಲು ಅವರ ಕಾಲು ನೋಡು."